ಲೇಹ್‌ನಲ್ಲಿ ಆಕ್ಸಿಮೀಟರ್ 86 ತೋರಿಸುತ್ತಿದೆ: ಉಪಕರಣದ ದೋಷವೇ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನಲ್ಲಿ 98 ತೋರಿಸುತ್ತಿದ್ದ ನನ್ನ ಪಲ್ಸ್ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಮಟ್ಟವನ್ನು ಶೇಕಡಾದಲ್ಲಿ ತೋರಿಸುವ ಉಪಕರಣ), ನಿನ್ನೆ ವಿಮಾನದಲ್ಲಿ ಲೇಹ್‌ಗೆ ಬಂದಿಳಿದಂದಿನಿಂದ 85 ಮತ್ತು 88ರ ನಡುವೆ ಏರಿಳಿಯುತ್ತಿದೆ. ಸೆಲ್ ಬದಲಿಸಿದರೂ ಅಷ್ಟೇ. ದೀರ್ಘವಾಗಿ ಉಸಿರೆಳೆದುಕೊಂಡರೆ 91ಕ್ಕೆ ಏರುತ್ತದೆ, ಮೆಟ್ಟಿಲು ಹತ್ತಿದರೆ 80ಕ್ಕೆ ಇಳಿಯುತ್ತದೆ. ತಲೆ ತುಸು ಭಾರವಾಗಿದೆ. ಗಾಳಿಯಲ್ಲಿ ಆಮ್ಲಜನಕ ಎಲ್ಲೆಡೆಯೂ ಶೇ 21 ಇರುವಾಗ ಇಷ್ಟು ವ್ಯತ್ಯಾಸ ಹೇಗೆ? ನಾಳೆ ಇನ್ನೂ ಎತ್ತರದ ಕಣಿವೆದಾರಿ ಖಾರ್ದುಂಗ್ ಲಾಗೆ ಹೊರಡುವವರಿದ್ದೇವೆ.

ಉತ್ತರ 1:
ಮೊದಲು ಉಪಕರಣವನ್ನೇ ಪರೀಕ್ಷಿಸಿ. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನೊಳಗೆ ಹಾಯಿಸಿ ಲೆಕ್ಕ ಹಾಕುವುದರಿಂದ, ತಣ್ಣಗಾದ ಬೆರಳು, ಮೆಹಂದಿ, ಉಗುರುಬಣ್ಣ, ಮೇಲೆ ಬೀಳುವ ಬಿಸಿಲು ಇವೆಲ್ಲ ಅಂಕಿಯನ್ನು ಕೆಡಿಸುತ್ತವೆ. ಮಣಿಕಟ್ಟಿನಲ್ಲಿ ನಾಡಿ ಎಣಿಸಿ, ಉಪಕರಣದ ನಾಡಿಸಂಖ್ಯೆಗೆ ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು:
ಕೈ ಬೆಚ್ಚಗಿದೆ, ನಾಡಿಯೂ ತಾಳೆಯಾಗುತ್ತದೆ. ಅಂಕಿ ಮಾತ್ರ 87.

ಉತ್ತರ 2:
ಹಾಗಾದರೆ ಉಪಕರಣ ಬಹುಮಟ್ಟಿಗೆ ನಿಜವನ್ನೇ ಹೇಳುತ್ತಿದೆ. ಶೇ 21 ಎಂಬುದು ಸರಿ, ಆದರೆ ಶ್ವಾಸಕೋಶದ ಗಾಳಿಗೂಡುಗಳಿಂದ ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವುದು ಅದರ ಪಾಲಲ್ಲ, ಒತ್ತಡ. ಸಮುದ್ರಮಟ್ಟದಲ್ಲಿ 760 ಮಿ.ಮೀ. ಪಾದರಸದಷ್ಟಿರುವ ವಾಯುಒತ್ತಡ, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ 500ರ ಆಸುಪಾಸಿಗೆ ಇಳಿದಿರುತ್ತದೆ. ಉಸಿರುದಾರಿಯ ನೀರಾವಿಗೆ 47 ಕಳೆದು, ಉಳಿದದ್ದರ ಶೇ 21 ಲೆಕ್ಕ ಹಾಕಿದರೆ ಆಮ್ಲಜನಕಕ್ಕೆ ದಕ್ಕುವ ಒತ್ತಡ ಸುಮಾರು 95 ಮಿ.ಮೀ., ಸಮುದ್ರಮಟ್ಟದಲ್ಲಾದರೆ 150.

ಗಾಳಿಗೂಡಿನಲ್ಲಿ ರಕ್ತದಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಕೂಡ ಜಾಗ ಹಿಡಿದಿರುತ್ತದೆ. ಅದರ ಒತ್ತಡ ಎಂದಿನಂತೆ 40 ಇದ್ದರೆ, ದೇಹ ಬಿಡುವ ಇಂಗಾಲದ ಡೈಆಕ್ಸೈಡ್‌ಗಿಂತ ಹೀರುವ ಆಮ್ಲಜನಕ ತುಸು ಹೆಚ್ಚಾದ್ದರಿಂದ 95ರಲ್ಲಿ ಸುಮಾರು 50 ಕಳೆದು, ಆಮ್ಲಜನಕಕ್ಕೆ 45ರಷ್ಟೇ ಉಳಿಯುತ್ತದೆ. ಜೋರಾಗಿ ಉಸಿರಾಡಿ ಅದನ್ನು 30ಕ್ಕೆ ಇಳಿಸಿದರೆ ಆಮ್ಲಜನಕ 57ಕ್ಕೆ ಏರುತ್ತದೆ. ನಿಮ್ಮ ಅಂಕಿ ಮೇಲೇರಿದ್ದರ ಗುಟ್ಟು ಇದೇ. ಆಮ್ಲಜನಕದ ಒತ್ತಡ 60ಕ್ಕಿಂತ ಕೆಳಗಿಳಿದಾಗ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಲುಬೇಗ ಬಿಟ್ಟುಕೊಡುವುದರಿಂದ, ಒತ್ತಡದ ಸಣ್ಣ ಬದಲಾವಣೆಯೂ ಅಂಕಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಗೆಂದು ಬಲವಂತವಾಗಿ ಉಸಿರೆಳೆಯುತ್ತಲೇ ಇರಬೇಡಿ. ಇಂಗಾಲದ ಡೈಆಕ್ಸೈಡ್ ತೀರಾ ಕಡಿಮೆಯಾದರೆ ಮೆದುಳಿನ ರಕ್ತನಾಳಗಳು ಕುಗ್ಗಿ ತಲೆ ಸುತ್ತುತ್ತದೆ.

ಮೆಟ್ಟಿಲಿನ ಕಥೆ ಬೇರೆ. ವಿಶ್ರಾಂತಿಯಲ್ಲಿ ಕೆಂಪು ರಕ್ತಕಣವೊಂದು ಗಾಳಿಗೂಡಿನ ಲೋಮನಾಳವನ್ನು (ಕೂದಲೆಳೆಯಂಥ ರಕ್ತನಾಳ) ದಾಟಲು ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ಅದರ ಮೂರನೇ ಒಂದು ಭಾಗದಲ್ಲೇ ಆಮ್ಲಜನಕ ತುಂಬಿಕೊಳ್ಳುತ್ತದೆ. ಎತ್ತರದಲ್ಲಿ ತಳ್ಳುವ ಒತ್ತಡ ಕಡಿಮೆ, ಶ್ರಮದಿಂದ ರಕ್ತದ ಓಟ ಚುರುಕು, ಹೀಗಾಗಿ ಕಣ ಪೂರ್ತಿ ತುಂಬುವ ಮೊದಲೇ ಮುಂದೆ ಸಾಗಿಬಿಡುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಈ ತೊಡಕಿಲ್ಲ, ಅದು ಪೊರೆಯನ್ನು ಸುಮಾರು 20 ಪಟ್ಟು ಸುಲಭವಾಗಿ ದಾಟುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಹಾಗಾದರೆ ನಾಳೆ ಹೋಗಬಹುದೇ?

ಉತ್ತರ 2:
ಬೇಡ. ವೇಗವಾಗಿ ಉಸಿರಾಡಿ ಕ್ಷಾರೀಯವಾದ ರಕ್ತವನ್ನು ಮೂತ್ರಪಿಂಡಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿ ಸರಿದೂಗಿಸಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಉಸಿರಾಟಕ್ಕೆ ಒಳಗಿನಿಂದಲೇ ಕಡಿವಾಣವಿರುತ್ತದೆ. 5,300 ಮೀಟರ್ ಎತ್ತರ ದಾಟುವ ಆ ಕಣಿವೆದಾರಿಗೆ, ತಲೆಭಾರ ಇಳಿಯದೆ ಹೋಗಬಾರದು. ತಲೆನೋವು ಹೆಚ್ಚಿ ವಾಂತಿಯಾದರೆ ಸ್ಥಳೀಯ ವೈದ್ಯರನ್ನು ಕಾಣಿ. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ನೊರೆಯಂಥ ಕಫ ಅಥವಾ ನಡಿಗೆಯಲ್ಲಿ ತೂರಾಟ ಕಂಡರೆ ಅಂಕಿ ಎಷ್ಟೇ ಇರಲಿ, ತಕ್ಷಣ ಆಮ್ಲಜನಕ ಕೊಡಿಸಿ ತಗ್ಗಿನ ಊರಿಗೆ ಇಳಿಸಬೇಕು.