ಗೋಡೌನಿನ ಮರೆಯಲ್ಲಿರುವ ಗಾಳಿಯಂತ್ರ: ಸಹಾಯ ಬೇಕು

ಮಾನ್ಯರೇ, ಚಿಕ್ಕಮಗಳೂರು ತಾಲ್ಲೂಕಿನ ನಮ್ಮ ಕಾಫಿ ಕಣದ ಬಳಿ, 6 ಮೀಟರ್ ಎತ್ತರದ ಗೋಡೌನಿನ ಪೂರ್ವ ಗೋಡೆಯಿಂದ 10 ಮೀಟರ್ ದೂರದಲ್ಲಿ, 9 ಮೀಟರ್ ಕಂಬದ ಮೇಲೆ 1 ಕಿಲೋವ್ಯಾಟ್‌ನ ಗಾಳಿಯಂತ್ರವನ್ನು ನಿಲ್ಲಿಸಿದ್ದೇವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ರಭಸವಾಗಿ ಬೀಸಿದರೂ ಯಂತ್ರದ ಬಾಲ ಅತ್ತಿತ್ತ ಹೊಯ್ದಾಡುತ್ತದೆ, ಬ್ಯಾಟರಿ ತುಂಬುವುದಿಲ್ಲ. ಕಟ್ಟಡದ ಹಿಂದೆ ಏಳುವ ಸುಳಿಗಾಳಿ ಅದರ ಎತ್ತರದ ಸುಮಾರು ಎರಡು ಪಟ್ಟು ಮೇಲಕ್ಕೂ 20 ಪಟ್ಟು ದೂರಕ್ಕೂ ಹಬ್ಬಬಹುದೆಂದೂ, ಗಾಳಿಯ ವೇಗ ಅರ್ಧವಾದರೆ ಅದರಲ್ಲಿನ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆಂದೂ ತಿಳಿದ ಮೇಲೆ, ದೋಷ ಯಂತ್ರದ್ದಲ್ಲ, ಜಾಗದ್ದು ಎಂದೇ ನನಗೆ ಅನ್ನಿಸುತ್ತಿದೆ. ಕಂಬವನ್ನು 16 ಮೀಟರಿಗೆ ಏರಿಸುವುದು ಮೇಲೋ, ಅಥವಾ ಪಶ್ಚಿಮದ ಬಯಲು ದಿಣ್ಣೆಗೆ ಯಂತ್ರವನ್ನು ಸಾಗಿಸಿ (ಅಲ್ಲಿ ಗಾಳಿಗೆ ಅಡ್ಡವಾಗುವ ಸಿಲ್ವರ್ ಓಕ್ ಮರಗಳೂ ಇಲ್ಲ) ಉದ್ದನೆಯ ಕೇಬಲ್‌ನಲ್ಲಾಗುವ ನಷ್ಟವನ್ನು ಒಪ್ಪಿಕೊಳ್ಳುವುದು ಮೇಲೋ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.