ಆಲಿವ್ ಗಿಡಕ್ಕೆ ದಿಢೀರ್ ಚಳಿ: ತೋಟಗಾರಿಕೆ ತಜ್ಞೆಗೆ ಪ್ರಶ್ನೆಗಳು

ಸದಸ್ಯ 1: ಮೇಡಂ, ನಮ್ಮಲ್ಲಿ ಚಳಿಗಾಲದಲ್ಲೂ ಸೆಕೆ. ಹೋದ ವಾರ ಒಂದೇ ರಾತ್ರಿ ಸೊನ್ನೆಗಿಂತ 7 ಡಿಗ್ರಿ ಕೆಳಗಿಳಿಯಿತು. ಮೂರು ವರ್ಷದ ಆಲಿವ್ ಗಿಡದ ಎಲೆಯೆಲ್ಲ ಕಂದಾಗಿದೆ, ಕಾಂಡದ ತೊಗಟೆ ಉದ್ದಕ್ಕೆ ಸೀಳಿದೆ. ಒಣಗಿದ್ದನ್ನೆಲ್ಲ ಕತ್ತರಿಸಲಾ?

ತಜ್ಞೆ: ಈಗ ಕತ್ತರಿ ಮುಟ್ಟಲೇಬೇಡಿ. ತೊಗಟೆಯನ್ನು ಉಗುರಿನಿಂದ ಚೂರು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಕೊಂಬೆಗೆ ಜೀವ ಇದೆ. ಕಂದಾಗಿದ್ದರೂ ಹೊಸ ಚಿಗುರು ಬರುವ ತನಕ ಕಾಯಿರಿ, ಸತ್ತದ್ದು ಯಾವುದು ಅಂತ ಆಗ ಗೊತ್ತಾಗುತ್ತದೆ. ಎಲೆ ಉದುರಿದರೆ ಉದುರಲಿ, ನನಗೆ ಚಿಂತೆ ಆ ಸೀಳಿನದು. ಮಳೆ ಬಿದ್ದರೆ ಅಲ್ಲಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಗಂಟು ರೋಗ ಬರುತ್ತದೆ. ಮಳೆಗೆ ಮುಂಚೆ ತಾಮ್ರದ ಔಷಧಿ ಸಿಂಪಡಿಸಿ, ಲೇಬಲ್ಲಿನ ಅಳತೆಯಷ್ಟೇ. ಬಲಿತ ಮರ ಇಷ್ಟು ಚಳಿ ತಡೆದುಕೊಳ್ಳುತ್ತದೆ. ಎಳೆ ಗಿಡ, ಅದೂ ಸೆಕೆಯ ಬೆನ್ನಿಗೇ ಚಳಿ ಬಂದರೆ, ಸೋಲುತ್ತದೆ. ಆದರೂ ಬೇರು ಬದುಕಿರಬಹುದು. 1985ರ ಚಳಿಗೆ ಇಟಲಿಯ ಟಸ್ಕನಿಯಲ್ಲಿ ಲಕ್ಷಗಟ್ಟಲೆ ಮರ ಒಣಗಿದವು, ಎಷ್ಟೋ ಮರ ಬುಡದಿಂದ ಮತ್ತೆ ಚಿಗುರಿದವು. ನಿಮ್ಮದು ಕಸಿ ಗಿಡವಾ, ಕಡ್ಡಿ ನೆಟ್ಟದ್ದಾ? ಕಸಿಯಾದರೆ ಕಸಿ ಕಟ್ಟಿದ ಜಾಗದ ಕೆಳಗಿಂದ ಬರುವ ಚಿಗುರು ನಿಮ್ಮ ತಳಿಯಲ್ಲ. ಗೊಬ್ಬರ ಯಾವಾಗ ಹಾಕಿದ್ರಿ?

ಸದಸ್ಯ 1: ಕಡ್ಡಿಯದು ಮೇಡಂ. ಚಳಿಗೆ ಸ್ವಲ್ಪ ಮುಂಚೆ ಯೂರಿಯಾ ಹಾಕಿದ್ದೆ.

ತಜ್ಞೆ: ಅದರಿಂದಲೇ ಏಟು ಜಾಸ್ತಿ ಬಿದ್ದಿದೆ. ಯೂರಿಯಾಕ್ಕೆ ಎಳೆ ಚಿಗುರು ಬರುತ್ತದೆ, ಚಳಿ ಮೊದಲು ಸುಡುವುದು ಅದನ್ನೇ. ಬೇಸಿಗೆ ಕಳೆದ ಮೇಲೆ ಹಾಕಬೇಡಿ. ಕಡ್ಡಿಯ ಗಿಡವಾದ್ದರಿಂದ ಬುಡದ ಚಿಗುರನ್ನೇ ಮರ ಮಾಡಬಹುದು.

ಸದಸ್ಯೆ 2: ಬುಡಕ್ಕೆ ಉಪ್ಪುನೀರು ಸುರಿದರೆ ಮಣ್ಣು ಹೆಪ್ಪುಗಟ್ಟಲ್ಲ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ತಜ್ಞೆ: ಬೇಡವೇ ಬೇಡ, ಬೇರು ಹಾಳಾಗುತ್ತದೆ. ಚಳಿಗೆ ಹಿಂದಿನ ದಿನ ಬರೀ ನೀರು ಕೊಡಿ. ಒದ್ದೆ ಮಣ್ಣು ಹಗಲಿನ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಎಳೆ ಗಿಡವಾದರೆ ಬುಡಕ್ಕೆ ಮಣ್ಣು ಏರಿಸಿ.

ಸದಸ್ಯ 3: ಪ್ಲಾಸ್ಟಿಕ್ ಹೊದಿಸಿದರೆ ಸಾಕು. ನಾನು ಪ್ರತಿ ವರ್ಷ ಅದನ್ನೇ ಮಾಡೋದು.

ಸದಸ್ಯ 4: ಪ್ಲಾಸ್ಟಿಕ್ ತಾಗಿದ ಕಡೆ ಎಲೆ ಸುಡುತ್ತೆ. ದಪ್ಪ ಬಟ್ಟೆ ಹೊದಿಸಬೇಕು, ನೆಲ ಮುಟ್ಟುವ ಹಾಗೆ.

ಸದಸ್ಯ 3: ನನ್ನ ಗಿಡ ಚೆನ್ನಾಗೇ ಇದೆ. ಸುಮ್ನೆ ಹೆದರಿಸಬೇಡಿ.

ಸದಸ್ಯ 5: ಗಿಡ ಎತ್ತರ ಬೆಳೆದಿದೆ, ಹೂವೇ ಇಲ್ಲ. ಯಾಕೆ ಮೇಡಂ?

ತಜ್ಞೆ: ಹೂಮೊಗ್ಗಿಗೆ ಚಳಿಗಾಲದ ತಂಪು ಬೇಕು. ತಂಪು ಕಡಿಮೆ ಇದ್ದರೆ ಅರ್ಬೆಕ್ವಿನಾ ತಳಿ ನೋಡಿ.

ಸದಸ್ಯೆ 6: ನಮ್ಮದೂ ಹೂ ಬಿಡ್ತಿಲ್ಲ. ಏನು ಮಾಡಲಿ?

ತಜ್ಞೆ: ಮೇಲೆ ಓದಿ.

ಸದಸ್ಯ 7: ಕಾಯಿ ತುಂಬಾ ಕಹಿ. ಕಹಿ ತೆಗೆಯೋದು ಹೇಗೆ?

ಸದಸ್ಯ 4: ಬಿಸಿಲು ಬಂದ ಮೇಲೂ ಪ್ಲಾಸ್ಟಿಕ್ ತೆಗೆಯದಿದ್ದರೆ ಗಿಡ ಒಳಗೇ ಬೇಯುತ್ತೆ. ಅಷ್ಟೂ ಗೊತ್ತಿಲ್ವಾ?

ಸದಸ್ಯ 3: ಗೊತ್ತಿದೆ ಕಣ್ರೀ. ನಿಮ್ಮಿಂದ ಕಲೀಬೇಕಾಗಿಲ್ಲ.

ತಜ್ಞೆ: ಇಬ್ಬರೂ ಸಾಕು ಮಾಡಿ. ಬಟ್ಟೆಯೇ ಒಳ್ಳೆಯದು.

ಸದಸ್ಯೆ 2: ಇನ್ನೊಂದು ಫಾರ್ವರ್ಡ್: ಸೀಳಿಗೆ ಟಾರು ಬಳಿದರೆ ತೊಗಟೆ ಕೂಡುತ್ತಂತೆ.

ತಜ್ಞೆ: ಕೂಡುವುದಿಲ್ಲ. ತೇವ ಒಳಗೇ ಸಿಕ್ಕಿ ಕೊಳೆಯುತ್ತದೆ. ಸೀಳು ಗಾಳಿಗೆ ಒಣಗಬೇಕು. ದಯವಿಟ್ಟು ಇಲ್ಲಿ ಇನ್ನು ಫಾರ್ವರ್ಡ್ ಹಾಕಬೇಡಿ.