ಸಹಾಯ ಬೇಕು: ಹಳೇ ಕಂಬಳದ ಕಾಮೆಂಟರಿ ರೆಕಾರ್ಡಿಂಗ್ ಯಾರತ್ರಾದ್ರೂ ಇದ್ಯಾ?

ಎಲ್ರಿಗೂ ನಮಸ್ಕಾರ. ನಾನು ಜರ್ನಲಿಸಂನಲ್ಲಿ ಪಿಎಚ್‌ಡಿ ಮಾಡ್ತಿದೀನಿ, ವಿಷಯ ಕಂಬಳ ಮತ್ತೆ ಮೀಡಿಯಾ. 2020ರ ಫೆಬ್ರವರೀಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ್ರು 142.5 ಮೀಟರ್‌ನ 13.62 ಸೆಕೆಂಡಲ್ಲಿ ಓಡಿದ್ರಲ್ಲ, ಅದನ್ನ ಯಾರೋ ಲೆಕ್ಕ ಹಾಕಿ 100 ಮೀಟರ್‌ಗೆ 9.55 ಅಂದ್ರು, ಬೋಲ್ಟ್‌ದು 9.58, ಅಷ್ಟೇ, ಟಿವಿಯವ್ರಿಗೆ ಇನ್ನೇನ್ ಬೇಕು, ರಾತ್ರೋರಾತ್ರಿ ‘ಭಾರತದ ಉಸೇನ್ ಬೋಲ್ಟ್’. ಕೋಣ ಎಳ್ಕೊಂಡು ಹೋಗೋದು, ಕೆಸರು, ಇದ್ಯಾವ್ದೂ ಲೆಕ್ಕಕ್ಕೇ ಬರ್ಲಿಲ್ಲ!

ಆ ಟಿವಿ ಕ್ಲಿಪ್‌ಗಳು ಬೇಕಾದಷ್ಟು ಸಿಕ್ಕಿವೆ. ಸಿಗದೇ ಇರೋದು ಕರೆ (ಕೋಣ ಓಡೋ ಕೆಸರಿನ ಟ್ರ್ಯಾಕ್) ಪಕ್ಕದಲ್ಲಿ ಮೈಕ್ ಹಿಡ್ಕೊಂಡು ರಾತ್ರಿಯೆಲ್ಲಾ ತುಳುವಲ್ಲಿ ಮಾತಾಡೋರ ಕಾಮೆಂಟರಿ, ಅದೂ ಜಲ್ಲಿಕಟ್ಟು ಜೊತೆಗೆ ಕಂಬಳಕ್ಕೂ ತಡೆ ತಂದ 2014ರ ಸುಪ್ರೀಂ ಕೋರ್ಟ್ ತೀರ್ಪಿಗಿಂತ ಮುಂಚಿಂದು. ಕ್ಯಾಸೆಟ್, ಸಿಡಿ, ಮದುವೆ ವಿಡಿಯೋದವ್ರು ತೆಗ್ದಿದ್ದು, ಏನಾದ್ರೂ ಸರಿ, ಸೌಂಡ್ ಕೇಳಿದ್ರೆ ಸಾಕು. ನಮ್ ಮನೇಲೇ ಹಳೇ ಕ್ಯಾಸೆಟ್‌ಗಳಿಗೆ ಫಂಗಸ್ ಹಿಡಿದು ಬಿಳಿ ಪುಡಿ ಉದುರ್ತಿತ್ತು, ಅದಕ್ಕೇ ಅವಸರ.

ಇನ್ನೊಂದು, ನಾನು ದಾವಣಗೆರೆ ಕಡೆಯವ್ನು, ತುಳು ಅರ್ಧಂಬರ್ಧ. ಜೊತೆಗೆ ಕೂತು ಕೇಳಿ ಕನ್ನಡದಲ್ಲಿ ಬರ್ಸೋಕೆ ಯಾರಾದ್ರೂ ಸಿಕ್ರೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡ್ತೀನಿ, ಸ್ಕಾಲರ್‌ಶಿಪ್ ಬಂದ್ಮೇಲೆ 😅 ಇನ್‌ಬಾಕ್ಸ್ ಮಾಡಿ ಪ್ಲೀಸ್.